ಬೂಷ್ಟು ಹಿಡಿದ ಹಾಡಿನ ಪ್ಲೇಟುಗಳನ್ನ ಉಳಿಸ್ಕೊಳ್ಳೋದು ಹೇಗೆ?

ಪ್ರಶ್ನೆ: ನಮ್ದು ಸೋಮವಾರಪೇಟೆ ಹತ್ರ ತೋಟದ ಮನೆ. ದೊಡ್ಡಪ್ಪನ ಟ್ರಂಕಲ್ಲಿ ಹಳೇ ಪ್ಲೇಟುಗಳು ಸಿಕ್ವು ಸಾರ್. ಮಡ್ಡಿ ವಾಟರ್ಸ್, ಒಡೆಟ್ಟಾ, ಓಟಿಸ್ ರೆಡ್ಡಿಂಗ್ ಅಂತೆಲ್ಲಾ ಅಮೆರಿಕದ ಹಾಡುಗಾರರ ಹೆಸರಿದೆ, ಜೊತೆಗೆ ದಪ್ಪಗೆ ಭಾರ ಇರೋ ಕೆಲವು ಹಳೇ ಹಿಂದಿ ಪ್ಲೇಟೂ ಇವೆ. ಎಲ್ಲದಕ್ಕೂ ಬಿಳೀ ಬೂಷ್ಟು. ಸ್ಪಿರಿಟ್ ಹಾಕಿ ಒರೆಸ್ಬೋದಾ? ಕೀಲಿ ಕೊಡೋ ಗ್ರಾಮಫೋನಲ್ಲೇ ಹಾಕಿ ಕೇಳ್ಬೋದಾ?

ಉತ್ತರ: ಮೊದ್ಲು ಆ ಸ್ಪಿರಿಟ್ ಬಾಟಲಿ ದೂರ ಇಡಿ! ದಪ್ಪಗೆ ಭಾರ ಇರೋವು 78 ಸ್ಪೀಡಿನವು, ಅಂದ್ರೆ ನಿಮಿಷಕ್ಕೆ 78 ಸುತ್ತು ತಿರುಗೋವು, ಅವನ್ನ ಮಾಡಿರೋದು ಅರಗಿಂದ, ಸ್ಪಿರಿಟ್ ತಾಗಿದ್ರೆ ಅರಗು ಕರಗುತ್ತೆ, ಹಾಡಿನ ಗೆರೆಗಳೇ ಹೋಗ್ಬಿಡುತ್ತೆ. ತೆಳುವಾಗಿ ಸ್ವಲ್ಪ ಬಾಗೋವು ವಿನೈಲ್ ಅನ್ನೋ ಪ್ಲಾಸ್ಟಿಕ್‌ನವು, 33 ಸ್ಪೀಡಿನ ಎಲ್ಪಿ (ಲಾಂಗ್ ಪ್ಲೇ), ಅವು ಬಂದಿದ್ದೇ 1948ರಲ್ಲಿ. ಎರಡನ್ನೂ ಬೇರೆ ಬೇರೆ ಇಡಿ.

ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ ಹಾಕಿ ಮೈಕ್ರೋಫೈಬರ್ ಬಟ್ಟೆಲಿ ಗೆರೆ ಹೋದ ಕಡೆಗೇ ಸುತ್ತ ಒರೆಸಿ, ಅಡ್ಡಡ್ಡ ಉಜ್ಬೇಡಿ, ಮಧ್ಯದ ಲೇಬಲ್ ನೆನೀಬಾರ್ದು, ಆಮೇಲೆ ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಂದ್ಸಲ ಒರೆಸಿ ಒಣ ಬಟ್ಟೆಲಿ ತೇವ ತೆಗೀರಿ. ಬೂಷ್ಟನ್ನ ಮನೆ ಹೊರಗೆ, ಮುಖಕ್ಕೆ ಮಾಸ್ಕ್ ಹಾಕ್ಕೊಂಡೇ ತೆಗೀರಿ. ಮಳೆಗಾಲದಲ್ಲಿ ನಮ್ ಕಡೆ ಬಟ್ಟೆಬರೆ ಎಲ್ಲಾ ಒಲೆ ಹತ್ರ ಒಣಗಿಸ್ತೀವಲ್ಲ, ಪ್ಲೇಟನ್ನ ಮಾತ್ರ ಅಲ್ಲಿ ಇಡ್ಬೇಡಿ, ಕಾಫಿ ಕಣದ ಬಿಸಿಲೂ ಬೇಡ, ವಿನೈಲ್ ಸೊಟ್ಟಗಾಗುತ್ತೆ.

ಒಳಗಿನ ಹಳೇ ಪೇಪರ್ ಕವರಲ್ಲೇ ಬೂಷ್ಟು ಬೆಳ್ಯೋದು. ಅದ್ನ ತೆಗೆದು ಪಾಲಿಥೀನ್ ಕವರ್ ಹಾಕಿ, ಚಿತ್ರ ಇರೋ ಹೊರಗಿನ ಕವರ್ ಕಲೆಯಾಗಿದ್ರೂ ಎಸೀಬೇಡಿ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಸಿ, ಜೂನಿಂದ ಸೆಪ್ಟೆಂಬರ್ ತನಕ ನೀರು ಜಿನುಗೋ ಗೋಡೆಗೆ ತಾಗಿಸ್ಬೇಡಿ, ಗಾಳಿಯ ತೇವ ಹೀರೋ ಡಿಹ್ಯುಮಿಡಿಫೈಯರ್ ಇರೋ ರೂಮಾದ್ರೆ ಚಿಂತೆನೇ ಇಲ್ಲ.

ಕೀಲಿ ಗ್ರಾಮಫೋನಲ್ಲಿ ಎಲ್ಪಿ ಖಂಡಿತ ಬೇಡ. ಅದ್ರ ಸ್ಟೀಲ್ ಮುಳ್ಳು, ಆ ಭಾರದ ತೋಳು ವಿನೈಲನ್ನ ಒಂದೇ ಸಲಕ್ಕೆ ಕೆರೆದ್ಹಾಕುತ್ತೆ. ಈಗಿನ ಕರೆಂಟಿನ ಟರ್ನ್‌ಟೇಬಲಲ್ಲಿ ಪ್ಲೇಟಿನ ಮೇಲೆ ಬೀಳೋ ಮುಳ್ಳಿನ ಭಾರ ಸುಮಾರಾಗಿ ಎರಡು ಗ್ರಾಂ ಅಷ್ಟೇ. 78ರದ್ದನ್ನ ಗ್ರಾಮಫೋನಲ್ಲೇ ಕೇಳ್ಬೋದು, ಆದ್ರೆ ಒಂದೊಂದು ಸೈಡಿಗೂ ಹೊಸ ಮುಳ್ಳು ಹಾಕಿ.

ಅಂದಹಾಗೆ, ಲೇಬಲಲ್ಲಿ ಡಂಡಂ ಅಂತಿದ್ರೆ ಅದು ಕಲ್ಕತ್ತಾ ಹತ್ರ ಒತ್ತಿದ್ದು. ಅಮೆರಿಕದ್ದಲ್ಲ ಅಂತ ಬೇಜಾರ್ ಮಾಡ್ಕೋಬೇಡಿ. ಅಮೆರಿಕದ ಬ್ಲೂಸ್ ಹಾಡುಗಾರ ರಾಬರ್ಟ್ ಜಾನ್ಸನ್ ರೆಕಾರ್ಡಿಗೆ ಹಾಡಿದ್ದು 1936-37ರಲ್ಲಿ, ಆದ್ರೆ ಎಷ್ಟೋ ಜನ ಅವ್ರನ್ನ ಕೇಳಿದ್ದು ಆ ಹಾಡುಗಳನ್ನ ಮತ್ತೆ ಒತ್ತಿದ 1961ರ ಎಲ್ಪಿಯಿಂದ್ಲೇ. ಮೊದ್ಲು ಒತ್ತಿದ ಪ್ಲೇಟೇ (ಫಸ್ಟ್ ಪ್ರೆಸ್ಸಿಂಗ್) ಬೇಕು ಅಂತ ದುಡ್ಡು ಸುರಿಯೋ ಬದ್ಲು ಒಳ್ಳೇ ಮುಳ್ಳು ತಗೊಳ್ಳಿ, ಓಟಿಸ್ ಧ್ವನಿ ಒಡೆಯೋ ಜಾಗ ಎಲ್ಲಾ ಕಿವಿಗೆ ಸಿಗುತ್ತೆ.