ತಿಂದ ಹೆಸರುಕಾಳು ಮೈಗೆ ಹತ್ತಲು ಮಾತ್ರೆ ಬೇಕೇ?

ಮೂರು ತಿಂಗಳಿಂದ ಕಾಸರಗೋಡಿನ ನನ್ನ ಕ್ಲಿನಿಕ್ಕಿಗೂ ಈ ಅಂಕಣಕ್ಕೂ ಒಂದೇ ಪ್ರಶ್ನೆ ಬರುತ್ತಿದೆ. ಕುಂಬಳೆಯವರದ್ದೂ ಅದೇ, ಮುಳ್ಳೇರಿಯದವರದ್ದೂ ಅದೇ. ಹಾಗಾಗಿ ಇವತ್ತು ಅದಕ್ಕೇ ಜಾಸ್ತಿ ಜಾಗ. ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಡಾಕ್ಟ್ರೇ, ನನಗೆ 24 ವರ್ಷ, ತೂಕ 62 ಕಿಲೋ. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಎಂಟು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ, ತೋಳು ಮಾತ್ರ ಹಾಗೇ ಇದೆ. ಕಾಳುಬೇಳೆಯ ಪ್ರೋಟೀನ್ ಮೈಗೆ ಹತ್ತುವುದಿಲ್ಲ, ಜೀರ್ಣಕ್ಕೆ ನೆರವಾಗುವ ಎಂಜೈಮ್ ಮಾತ್ರೆ ತಗೊಂಡರೆ ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲ ಪೂರ್ತಿ ಸಿಗುತ್ತದೆ ಎಂದು ಟ್ರೈನರ್ ಹೇಳಿದರು. ತಿಂಗಳಿಗೆ 1,400 ರೂಪಾಯಿ. ಮುಂದುವರಿಸಲೇ? (ಬದಿಯಡ್ಕದ ಓದುಗ)

ಬೇಡ.

ದಿನದ ಊಟದ ಪಟ್ಟಿಯನ್ನೂ ಬರೆದಿದ್ದೀರಲ್ಲ, ಒಳ್ಳೆಯದಾಯಿತು. ಬೆಳಿಗ್ಗೆ ಐದು ನೀರುದೋಸೆ, ಚಟ್ನಿ. ಮಧ್ಯಾಹ್ನ ಕುಚ್ಚಿಲಕ್ಕಿ ಅನ್ನ, ಸಾರು, ತಂಬುಳಿ, ಮಜ್ಜಿಗೆ. ಸಂಜೆ ಅವಲಕ್ಕಿ, ಚಹಾ. ರಾತ್ರಿ ಗಂಜಿ, ಉಪ್ಪಿನಕಾಯಿ. ಹೆಸರುಕಾಳು ವಾರಕ್ಕೆ ಎರಡು ಸಲ. ಕೂತು ಲೆಕ್ಕ ಹಾಕಿದೆ. ದಿನಕ್ಕೆ 40 ಗ್ರಾಂ ಪ್ರೋಟೀನ್ ದಾಟುವುದಿಲ್ಲ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಅಕ್ಕಿಯದ್ದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ್ದು ಕಿಲೋ ತೂಕಕ್ಕೆ 0.83 ಗ್ರಾಂ. ಅಂದರೆ ಜಿಮ್ ಮೆಟ್ಟಿಲು ಹತ್ತದವರಿಗೂ ನಿಮ್ಮ ತೂಕಕ್ಕೆ 51 ಗ್ರಾಂ ಬೇಕು. ಭಾರ ಎತ್ತುವವರಿಗೆ 75ರಿಂದ 100. ತಟ್ಟೆಗೆ ಬೀಳದ ಬೇಳೆಯನ್ನು ಮಾತ್ರೆ ಎಲ್ಲಿಂದ ಹುಡುಕಿ ಕರಗಿಸಬೇಕು ಹೇಳಿ?

ನಿಮ್ಮ ಟ್ರೈನರ್ ಪೂರ್ತಿ ಸುಳ್ಳು ಹೇಳಿಲ್ಲ, ಅದೇ ಕಿರಿಕಿರಿ. ಕಾಳಿನ ಪ್ರೋಟೀನ್ ಹಾಲು, ಮೊಟ್ಟೆಯದ್ದರಷ್ಟು ಸಲೀಸಾಗಿ ಜೀರ್ಣವಾಗುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2019ರಲ್ಲಿ ನಮ್ಮ ದೇಶದವರ ಹೊಟ್ಟೆಯಲ್ಲೇ ಇದನ್ನು ಅಳೆದು ಪ್ರಕಟಿಸಿದರು. ಸಿಪ್ಪೆ ಸಹಿತ ಹೆಸರುಕಾಳಿನ ಅಗತ್ಯ ಅಮೈನೋ ಆಮ್ಲಗಳಲ್ಲಿ (ದೇಹ ತಾನೇ ತಯಾರಿಸಿಕೊಳ್ಳಲಾಗದವು) ಸುಮಾರು 63 ಶೇಕಡಾ ಒಳಗೆ ಹೋಯಿತು. ಸಿಪ್ಪೆ ತೆಗೆದಾಗ ಸುಮಾರು 71. ಕಡಲೆಯದ್ದು 75ರ ಹತ್ತಿರ.

ಈಗ ಈ ಅಂಕಿಯನ್ನು ಅಡುಗೆಮನೆಗೆ ತನ್ನಿ. 50 ಗ್ರಾಂ ಒಣ ಹೆಸರಿನಲ್ಲಿ 12 ಗ್ರಾಂ ಪ್ರೋಟೀನ್. ದೇಹಕ್ಕೆ ಸಿಗುವುದು ಏಳೂವರೆ ಅಂತಿಟ್ಟುಕೊಳ್ಳಿ. ನಿಮ್ಮ ಮಾತ್ರೆ ಪವಾಡ ಮಾಡಿ ನೂರಕ್ಕೆ ನೂರು ಕರಗಿಸಿತು ಎಂದೇ ಇಟ್ಟುಕೊಂಡರೂ ಲಾಭ ನಾಲ್ಕೂವರೆ ಗ್ರಾಂ. ಮುಕ್ಕಾಲು ಲೋಟ ಹಾಲಿನಲ್ಲಿ ಅಷ್ಟು ಇದೆ.

ಪವಾಡ ನಡೆಯುವುದೂ ಇಲ್ಲ ಬಿಡಿ. ಕಾಳಿನ ಪ್ರೋಟೀನ್ ಜೀವಕೋಶದ ಗೋಡೆಯೊಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ. ಆ ಗೋಡೆ ನಾರಿನದ್ದು. ಮಾತ್ರೆಯಲ್ಲಿರುವ ಪ್ರೋಟಿಯೇಸ್ ಪ್ರೋಟೀನನ್ನು ಕತ್ತರಿಸುತ್ತದೆಯೇ ಹೊರತು ಗೋಡೆ ಒಡೆಯುವುದಿಲ್ಲ. ಒಡೆಯುವುದು ಬೇಯಿಸುವುದು, ರುಬ್ಬುವುದು, ಅಗಿಯುವುದು. ಇನ್ನೊಂದು ಅಡ್ಡಿ, ಪ್ರೋಟೀನ್ ಕತ್ತರಿಸುವ ನಮ್ಮದೇ ಎಂಜೈಮ್ ಟ್ರಿಪ್ಸಿನ್ ಅನ್ನು ತಡೆಯುವ ಅಂಶ. ಹಸಿ ಕಾಳಿನಲ್ಲಿರುವ ಇದು ನಮ್ಮ ಮೇದೋಜೀರಕದ ಟ್ರಿಪ್ಸಿನ್‌ನ ಕೈ ಕಟ್ಟುತ್ತದೆ. ಕುಕ್ಕರಿನ ಬಿಸಿಗೆ ಇದರ ಬಹುಪಾಲು ಸತ್ತುಹೋಗುತ್ತದೆ. ನಿಮ್ಮ ಅಮ್ಮ ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಬೆರಳ ನಡುವೆ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸುತ್ತಾರಲ್ಲ, ಆ ಮಾತ್ರೆ ಮಾಡುತ್ತೇನೆಂದು ಹೇಳುವ ಕೆಲಸ ಅದೇ. ಹಲಸಿನ ಬೇಳೆಯನ್ನು ನಮ್ಮವರು ಯಾರೂ ಹಸಿ ತಿನ್ನುವುದಿಲ್ಲ. ಅಜ್ಜಿಯಂದಿರಿಗೆ ಟ್ರಿಪ್ಸಿನ್ ಹೆಸರು ಗೊತ್ತಿರಲಿಲ್ಲ, ಹೊಟ್ಟೆ ಉಬ್ಬರ ಗೊತ್ತಿತ್ತು.

ಎಂಜೈಮ್ ಅನ್ನುವುದೂ ಒಂದು ಪ್ರೋಟೀನೇ, ಮರೆಯಬೇಡಿ. ನುಂಗಿದ್ದರಲ್ಲಿ ಒಂದಷ್ಟನ್ನು ನಿಮ್ಮ ಹೊಟ್ಟೆ ಬೇಳೆಯಂತೆಯೇ ಜೀರ್ಣಿಸಿಬಿಡುತ್ತದೆ. ನೀವು ಕಳಿಸಿದ ಲೇಬಲ್ ಫೋಟೋ ದೊಡ್ಡದು ಮಾಡಿ ನೋಡಿದೆ. ಪ್ರೋಟಿಯೇಸ್ ಇಷ್ಟು ಮಿಲಿಗ್ರಾಂ ಎಂದಿದೆ, ಎಷ್ಟು ಯೂನಿಟ್ ಕೆಲಸ ಮಾಡುತ್ತದೆ ಎಂದಿಲ್ಲ. ಎಂಜೈಮನ್ನು ತೂಕದಲ್ಲಿ ಮಾರುವುದೆಂದರೆ ಬಡಗಿಗೆ ಅವನ ಮೈತೂಕ ನೋಡಿ ಸಂಬಳ ಕೊಟ್ಟ ಹಾಗೆ. ಪ್ರೋಟೀನ್ ಪುಡಿಯ ಜೊತೆ ಎಂಜೈಮ್ ಕೊಟ್ಟಾಗ ರಕ್ತದಲ್ಲಿ ಅಮೈನೋ ಆಮ್ಲ ಸ್ವಲ್ಪ ಬೇಗ ಏರಿದ್ದನ್ನು ತೋರಿಸಿದ ಸಣ್ಣ ಅಧ್ಯಯನಗಳಿವೆ. ಬೇಗ ಏರುವುದು ಬೇರೆ, ತೋಳು ದಪ್ಪವಾಗುವುದು ಬೇರೆ.

ಹಾಗಾದರೆ ಏನು ಮಾಡಬೇಕು? ದಿನವೂ ಎರಡು ಹೊತ್ತು, ಒಂದೊಂದು ಹೊತ್ತಿಗೆ 50 ಗ್ರಾಂ ಒಣ ಕಾಳಿನ ಅಡುಗೆ. ಅಳಸಂಡೆ, ಹುರುಳಿ, ಕಡಲೆ, ಯಾವುದಾದರೂ ಸೈ. ಪುಟ್ಟಿನ ಜೊತೆ ಕಡಲೆ ತಿನ್ನುವ ನೆರೆಮನೆಯವರನ್ನು ನೋಡಿ ಕಲಿಯಿರಿ. ನೀರುದೋಸೆ ವಾರಕ್ಕೆ ಮೂರು ದಿನ ಹೆಸರುಬೇಳೆ ದೋಸೆಯಾಗಲಿ. ಅರ್ಧ ಲೀಟರ್ ಹಾಲು ಅಥವಾ ಮೊಸರು. ನೀರು ಮಜ್ಜಿಗೆ ಲೆಕ್ಕಕ್ಕಿಲ್ಲ. ಉಳಿಯುವ 1,400 ರೂಪಾಯಿಗೆ ಇದಿಷ್ಟೂ ಹೆಚ್ಚುಕಡಿಮೆ ಬರುತ್ತದೆ. ಮೂರು ತಿಂಗಳು ಮಾಡಿ ಆಮೇಲೆ ಬರೆಯಿರಿ. ಮೂತ್ರಪಿಂಡದ ತೊಂದರೆ ಇರುವವರು ಈ ಪ್ಯಾರಾವನ್ನು ಓದಿಲ್ಲ ಎಂದುಕೊಳ್ಳಿ.

ಎಂಜೈಮ್ ನಿಜವಾಗಿ ಬೇಕಾದವರು ಇದ್ದಾರೆ. ಅವರು ಜಿಮ್‌ನಲ್ಲಿ ಸಿಗುವುದಿಲ್ಲ. ಮೇದೋಜೀರಕ ಗ್ರಂಥಿ ಹಾಳಾದವರು ಅವರು. ಕೇರಳದಲ್ಲಿ ಕುಡಿತದ ಚಟವೇ ಇಲ್ಲದ ಎಳೆ ವಯಸ್ಸಿನವರಿಗೂ ಈ ಗ್ರಂಥಿಯಲ್ಲಿ ಕಲ್ಲು ಕಟ್ಟುವ ಕಾಯಿಲೆ ಬರುವುದನ್ನು ಡಾ. ಪಿ. ಜೆ. ಗೀವರ್ಗೀಸ್ 1960ರ ದಶಕದಲ್ಲೇ ದಾಖಲಿಸಿದ್ದರು. ಮರಗೆಣಸಿನ ಮೇಲೆ ಅನುಮಾನ ಬಿತ್ತು, ಸಾಬೀತಾಗಲಿಲ್ಲ. ಹೊಟ್ಟೆನೋವು ಬೆನ್ನಿಗೆ ಚುಚ್ಚುವುದು, ಮಲ ಎಣ್ಣೆಯಂತೆ ಜಿಡ್ಡಾಗಿ ಎಷ್ಟು ನೀರು ಹಾಕಿದರೂ ಹೋಗದಿರುವುದು, ತೂಕ ಇಳಿಯುವುದು, ತೆಳ್ಳಗಿರುವ ಹುಡುಗನಿಗೆ ಸಕ್ಕರೆ ಕಾಯಿಲೆ. ಇಂಥದ್ದು ಕಂಡರೆ ಮೆಡಿಕಲ್ ಶಾಪಿಗೆ ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ. ಈ ಗ್ರಂಥಿಯ ಎಂಜೈಮ್ ಆದ ಇಲಾಸ್ಟೇಸ್ ಮಲದಲ್ಲಿ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇದೆ. ಗ್ರಾಮಿಗೆ 200 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಅನುಮಾನ. ಇವರಿಗೆ ಕೊಡುವ ಪ್ಯಾಂಕ್ರಿಯಾಟಿನ್ ಎಂಬ ಎಂಜೈಮ್ ಕ್ಯಾಪ್ಸೂಲನ್ನು ಊಟದ ಜೊತೆಗೇ ನುಂಗಬೇಕು. ಎಲ್ಲ ಮುಗಿಸಿ ಮಲಗುವಾಗ ನುಂಗಿದರೆ ದಂಡ. ಅದನ್ನು ತಯಾರಿಸುವುದು ಹಂದಿಯ ಗ್ರಂಥಿಯಿಂದ. ಇದನ್ನು ನಾನು ರೋಗಿಗಳಿಗೆ ಮೊದಲೇ ಹೇಳುತ್ತೇನೆ. ಆಮೇಲೆ ಗೊತ್ತಾಗಿ ಔಷಧಿಯನ್ನೇ ಬಿಟ್ಟು ಸೊರಗಿದವರನ್ನು ನೋಡಿದ್ದೇನೆ.

ಪ್ರಶ್ನೆ: ಊಟವಾದ ಮೇಲೆ ಬಪ್ಪಂಗಾಯಿ (ಪಪ್ಪಾಯಿ) ತಿಂದರೆ ಬೇಳೆ ಕರಗುತ್ತದಂತೆ, ಹೌದೇ? (ಪೆರ್ಲ)

ಪ್ರೋಟೀನ್ ಕತ್ತರಿಸುವ ಪಪೈನ್ ಎಂಬ ಎಂಜೈಮ್ ಇರುವುದು ಹಸಿ ಕಾಯಿಯ ಹಾಲಿನಲ್ಲಿ. ಹಣ್ಣಾದ ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ರುಚಿಗೆ ತಿನ್ನಿ.

ಪ್ರಶ್ನೆ: ಅನ್ನ, ಬೇಳೆ ಒಂದೇ ಊಟದಲ್ಲಿ ತಿನ್ನದಿದ್ದರೆ ಪ್ರೋಟೀನ್ ಅಪೂರ್ಣವೇ? (ಉಪ್ಪಳ)

ಅಲ್ಲ. ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಮ್ಮಿ, ಬೇಳೆಯಲ್ಲಿ ಮೆಥಿಯೋನಿನ್ ಎಂಬುದು ಕಮ್ಮಿ. ಒಂದೇ ದಿನದೊಳಗೆ ಎರಡೂ ಹೊಟ್ಟೆಗೆ ಬಿದ್ದರೆ ಸಾಕು.

ಪ್ರಶ್ನೆ: ಕಡಲೆ ತಿಂದರೆ ಗ್ಯಾಸ್. ಎಂಜೈಮ್ ಬೇಕಲ್ವಾ? (ಮಂಜೇಶ್ವರ)

ಗ್ಯಾಸ್ ಪ್ರೋಟೀನಿನದ್ದಲ್ಲ, ಕಾಳಿನಲ್ಲಿರುವ ರಾಫಿನೋಸ್ ಜಾತಿಯ ಸಕ್ಕರೆಯದ್ದು. ಅದಕ್ಕೆ ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಬೇರೆಯೇ ಎಂಜೈಮ್ ಇದೆ, ಕೆಲವರಿಗೆ ಉಪಯೋಗವೂ ಆಗುತ್ತದೆ. ಮೊದಲು ನೆನೆಸಿದ ನೀರು ಚೆಲ್ಲಲು ಕಲಿಯಿರಿ.

ಪ್ರಶ್ನೆ: ಅಮ್ಮ ಆರು ವರ್ಷದಿಂದ ಊಟದ ನಂತರ ಎಂಜೈಮ್ ಸಿರಪ್ ಕುಡಿಯುತ್ತಿದ್ದಾರೆ. ಶುಗರ್ ಇದೆ. (ನೀರ್ಚಾಲು)

ಬಾಟಲಿಯಲ್ಲಿ ಸಕ್ಕರೆ ಎಷ್ಟಿದೆ ಓದಿದ್ದೀರಾ? ನಿಲ್ಲಿಸಿ.

ಪ್ರಶ್ನೆ: ಶಿಬಿರವೊಂದರಲ್ಲಿ ಕೈಗೆ ಕಡ್ಡಿ ಹಿಡಿಸಿ ಕಂಪ್ಯೂಟರ್ ವರದಿ ಕೊಟ್ಟರು. ಜೀರ್ಣ ಎಂಜೈಮ್ ತುಂಬಾ ಕಡಿಮೆ ಎಂದಿದೆ. ಗಾಬರಿಯಾಗಿದೆ. (ಕುಂಬಳೆ)

ಅಂಥ ಒಂದು ಶಿಬಿರಕ್ಕೆ ನಾನೂ ಹೋಗಿದ್ದೆ, ಡಾಕ್ಟರೆಂದು ಹೇಳದೆ. ಮೊದಲ ಸಲ ನನಗೂ ಎಂಜೈಮ್ ಕಡಿಮೆ ಬಂತು. ಹತ್ತು ನಿಮಿಷ ಬಿಟ್ಟು, ಅದೇ ಕೈಯಲ್ಲಿ ಅದೇ ಕಡ್ಡಿ ಹಿಡಿದು, ವಯಸ್ಸು 58ರ ಬದಲು 28 ಎಂದು ಬರೆಸಿದೆ. ಈ ಸಲ ಎಲ್ಲ ಸರಿ ಇತ್ತು.