ನೋವಿಗೆ 20 ಸಾವಿರ ಮಾತ್ರ ಏಕೆ ಬಂತು, ಈಗ ಏನು ಮಾಡಬಹುದು

ರಸ್ತೆ ಅಪಘಾತದಲ್ಲಿ ಗಾಯಗೊಂಡ ನಿಮ್ಮ ತಮ್ಮನ ತೊಡೆಯ ಮೂಳೆಗೆ ಎರಡು ಶಸ್ತ್ರಚಿಕಿತ್ಸೆ ಆಗಿಯೂ ಗದಗಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ನೋವು ಮತ್ತು ಯಾತನೆಗೆ 20 ಸಾವಿರ ರೂಪಾಯಿಯನ್ನಷ್ಟೇ ಏಕೆ ಕೊಟ್ಟಿತು ಎಂದು ಕೇಳಿದ್ದೀರಿ. ಬಹುಶಃ ಕಾರಣ ಒಂದೇ: ಬಿಲ್ಲುಗಳು ಕಡತದಲ್ಲಿವೆ, ನೋವಿನ ಪುರಾವೆ ಇಲ್ಲ. ಪರಿಹಾರದ ಈ ಬಾಬತ್ತಿಗೆ ನಿಗದಿತ ದರವಿಲ್ಲ. ಗಾಯದ ಸ್ವರೂಪ, ಆಸ್ಪತ್ರೆಯಲ್ಲಿ ಕಳೆದ ದಿನಗಳು, ಶಸ್ತ್ರಚಿಕಿತ್ಸೆಗಳು, ವಯಸ್ಸು ಇವನ್ನೆಲ್ಲ ನೋಡಿ ನ್ಯಾಯಾಧೀಶರು ಅಂದಾಜು ಮಾಡುತ್ತಾರೆ.

ಮೊದಲು ತೀರ್ಪಿನ ದೃಢೀಕೃತ ನಕಲು ಪಡೆದು, ಕೊನೆಯಲ್ಲಿರುವ ದಾಖಲೆಗಳ ಪಟ್ಟಿಯನ್ನು ಓದಿ. ಅದರಲ್ಲಿ ಆಸ್ಪತ್ರೆಯ ಕೇಸ್ ಶೀಟ್ (ಚಿಕಿತ್ಸೆಯ ದಿನದಿನದ ದಾಖಲೆ) ಇಲ್ಲದಿದ್ದರೆ ಪೆಟ್ಟು ಬಿದ್ದಿರುವುದು ಅಲ್ಲೇ. ನನ್ನ ತಂದೆಯ ಪ್ರಕರಣದಲ್ಲಿ ರಾತ್ರಿ ಎರಡಕ್ಕೊಮ್ಮೆ, ನಸುಕಿನ ಐದಕ್ಕೆ ಮತ್ತೊಮ್ಮೆ ನೋವಿನ ಇಂಜೆಕ್ಷನ್ ಕೊಟ್ಟೆವೆಂದು ದಾದಿಯರು ಬರೆದಿಟ್ಟ ಹಾಳೆಯೇ ವಾದಕ್ಕೆ ಬಲ ಕೊಟ್ಟಿತು.

ನಂತರ, 'ಬದುಕಿನ ಸೌಕರ್ಯಗಳ ನಷ್ಟ' ಎಂಬ ಬಾಬತ್ತು ಬೇರೆಯಾಗಿ ಇದೆಯೇ ನೋಡಿ. ಸುಪ್ರೀಂ ಕೋರ್ಟ್ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಇದನ್ನು ನೋವಿನಿಂದ ಬೇರ್ಪಡಿಸಿ ಹೇಳಿದೆ. ತಮ್ಮ ಚಕ್ಕಳಮಕ್ಕಳ ಹಾಕಿ ಉಣ್ಣಲಾರ, ಹೊಲದಲ್ಲಿ ಕುಂಟೆ ಹೊಡೆಯಲಾರ ಎಂದಿದ್ದೀರಲ್ಲ, ಅದು ಇಲ್ಲಿಗೆ ಸೇರುತ್ತದೆ.

ಮೇಲ್ಮನವಿ ಧಾರವಾಡದ ಹೈಕೋರ್ಟ್ ಪೀಠಕ್ಕೆ, ತೀರ್ಪಿನ ದಿನದಿಂದ 90 ದಿನಗಳೊಳಗೆ. ಮೇಲ್ಮನವಿಯಲ್ಲಿ ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಅದನ್ನು ಸ್ವೀಕರಿಸುವುದಿಲ್ಲ. ಆದ್ದರಿಂದ ದಯವಿಟ್ಟು ನೋವಿನ ಬಾಬತ್ತೊಂದನ್ನೇ ಹಿಡಿದು ಹೋಗಬೇಡಿ. ಗಳಿಕೆಯ ನಷ್ಟ, ಮುಂದಿನ ಚಿಕಿತ್ಸೆ ಎಲ್ಲವನ್ನೂ ಸೇರಿಸಿ. ಕೇಸ್ ಶೀಟನ್ನು ಈಗ ಹಾಜರುಪಡಿಸಲು ಪ್ರತ್ಯೇಕ ಅರ್ಜಿ ಬೇಕು. ಅದನ್ನು ಒಪ್ಪುತ್ತಾರೆಂಬ ಖಾತ್ರಿಯಿಲ್ಲ, ಆದರೂ ಹಾಕಿ. ಗಡುವು ದಾಟಿದ್ದರೆ ವಿಳಂಬ ಮನ್ನಾ ಅರ್ಜಿಯನ್ನು ಜೊತೆಗಿಡಿ.