ಎಲ್ಲಕ್ಕೂ ಆಗುವ ಒಂದೇ ಜೂಮ್ ಲೆನ್ಸ್ ಬೇಕು: 18-140, 18-200, 18-300ರಲ್ಲಿ ಯಾವುದು ತೆಗೆದುಕೊಳ್ಳಲಿ?

ಮೂರೂ ಬೇಡ ಮಾರಾಯ್ರೆ. ಅಣ್ಣ ಕೊಟ್ಟ ಹಳೆಯ ನಿಕಾನ್, ಅದರ ಜೊತೆ ಬಂದ 18-55 ಕಿಟ್ ಲೆನ್ಸ್, ಮದುವೆ, ಜಾತ್ರೆ, ಯಕ್ಷಗಾನ, ಟೂರ್, ತೋಟದ ಹಕ್ಕಿ ಎಲ್ಲಕ್ಕೂ ಒಂದೇ ಲೆನ್ಸ್ ಇರಬೇಕು, ಬದಲಿಸುವ ರಗಳೆ ಬೇಡ ಅಂತ ಬರೆದಿದ್ದೀರಿ. ಓದುವಾಗ ನನ್ನದೇ ಹಳೆಯ ಪ್ರಶ್ನೆಯನ್ನು ಯಾರೋ ಎತ್ತಿ ಹಾಕಿದ್ದಾರೆ ಅನಿಸಿತು.

ನನ್ನದು ನಿಕಾನ್ ಡಿ5300. ಅದರ 18-55 ಇತ್ತು, ಆಮೇಲೆ ಗೆಳೆಯನ ಮಾತು ಕೇಳಿ ತೆಗೆದುಕೊಂಡ 35 ಎಂಎಂ ಎಫ್/1.8 ಇತ್ತು (ಎಂಎಂ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ, ಎಫ್ ಅಂಕಿ ಸಣ್ಣದಾದಷ್ಟೂ ಒಳಗೆ ಬೆಳಕು ಜಾಸ್ತಿ). 35ರಲ್ಲಿ ಜೂಮ್ ಇಲ್ಲ. ದೊಡ್ಡದಾಗಿ ಬೇಕಿದ್ದರೆ ನಾವೇ ಮುಂದೆ ಹೋಗಬೇಕು, ಜಾಸ್ತಿ ಜನ ಬರಬೇಕಿದ್ದರೆ ನಾವೇ ಹಿಂದೆ ಸರಿದು ಯಾರದೋ ಕಾಲು ತುಳಿಯಬೇಕು. ಜಾತ್ರೆಯಲ್ಲಿ ಪಕ್ಕ ನಿಂತವನು ಒಂದು ರಿಂಗ್ ತಿರುಗಿಸಿ ಇಡೀ ಅಂಗಳದಿಂದ ದೇವಸ್ಥಾನದ ಮಾಡಿನ ತುದಿಯ ಮುಗುಳಿಯವರೆಗೆ ಹೋಗುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. 2005ರಲ್ಲಿ ನಿಕಾನ್‌ನ 18-200 ವಿಆರ್ (ವಿಆರ್ ಅಂದರೆ ಕೈನಡುಕ ತಡೆಯುವ ವ್ಯವಸ್ಥೆ) ಬಂದಾಗಿನಿಂದ ಈ ಆಸೆ ಇದೆ. ಆಮೇಲೆ 18-300 ಬಂತು, 2017ರಲ್ಲಿ ಟ್ಯಾಮ್ರಾನ್‌ನ 18-400 ಕೂಡ ಬಂತು. ನಾನು ಎರಡೂ ಲೆನ್ಸ್ ಮಾರಿದೆ. ಮೇಲೆ ದುಡ್ಡು ಹಾಕಿ ಒಂದು 18-300 ತಂದೆ. ಪೆಟ್ಟಿಗೆಯ ಮೇಲೆ ಎಫ್/3.5-6.3 ಅಂತ ಇತ್ತು, ಕೈನಡುಕ ತಡೆಯುವ ವ್ಯವಸ್ಥೆ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಲಾಭ ಕೊಡುತ್ತದೆ ಅಂತಲೂ ಇತ್ತು.

ಈ ಎರಡನೇ ಸಾಲು ನನ್ನನ್ನು ಮುಳುಗಿಸಿತು. ನನ್ನ ಲೆಕ್ಕ ಹೀಗಿತ್ತು. ಎಫ್/2.8 ಲೆನ್ಸ್‌ಗೂ ಎಫ್/6.3 ಲೆನ್ಸ್‌ಗೂ ಬೆಳಕಿನಲ್ಲಿ ಎರಡು ಚಿಲ್ಲರೆ ಸ್ಟಾಪ್ ವ್ಯತ್ಯಾಸ. ವಿಆರ್ ಕೊಡುವುದು ನಾಲ್ಕು. ಅಂದರೆ ಕಳೆದು ಕೂಡಿಸಿ ಇನ್ನೂ ನನಗೇ ಲಾಭ! ದುಬಾರಿ ಲೆನ್ಸ್ ಕೊಳ್ಳುವವರೆಲ್ಲ ಸುಮ್ನೆ ದುಡ್ಡು ಸುರಿಯುತ್ತಿದ್ದಾರೆ ಅಂತ ಗೆಳೆಯರಿಗೆ ಪಾಠ ಕೂಡ ಮಾಡಿದ್ದೆ. ಅದು ಈಗ ನೆನಪಾದರೂ ಮುಜುಗರ ಆಗುತ್ತದೆ.

ಆ ವರ್ಷ ದೊಡ್ಡಪ್ಪನ ಮನೆಯಲ್ಲಿ ಹರಕೆ ಆಟ, ಅಂದರೆ ಹರಕೆ ತೀರಿಸಲು ಆಡಿಸುವ ಯಕ್ಷಗಾನ. ಗದ್ದೆಯಲ್ಲಿ ರಂಗಸ್ಥಳ, ರಾತ್ರಿಯಿಡೀ ಆಟ. "ಫೋಟೋಕ್ಕೆ ಬೇರೆ ಜನ ಬೇಡ, ನಮ್ಮ ಹುಡುಗನ ಹತ್ತಿರ ದೊಡ್ಡ ಕ್ಯಾಮೆರಾ ಉಂಟು" ಅಂತ ದೊಡ್ಡಪ್ಪ ಎಲ್ಲರಿಗೂ ಹೇಳಿಬಿಟ್ಟಿದ್ದರು. ಹಗಲು ಅಡುಗೆ ಮನೆ, ಚಪ್ಪರ, ಸಂಜೆ ಚೌಕಿ (ವೇಷ ಕಟ್ಟುವ ಜಾಗ) ಪೂಜೆಗೆ ಸೇರಿದ ನೆಂಟರು, ಎಲ್ಲ ಚೆನ್ನಾಗಿಯೇ ಬಂತು. ಹೊತ್ತು ಮುಳುಗಿದ ಮೇಲೆ ನಾನು ಆರಾಮಾಗಿ ಹಿಂದೆ, ಕುರ್ಚಿ ಸಾಲಿನ ಹತ್ತಿರ ನಿಂತೆ. ನನ್ನ ಹತ್ತಿರ 300 ಇದೆ, ಮುಂದೆ ಯಾಕೆ ಹೋಗಬೇಕು ಅನ್ನುವ ಧಿಮಾಕು.

ಮಹಿಷಾಸುರನ ಪ್ರವೇಶ ನೋಡಿದವರಿಗೆ ಗೊತ್ತು. ಅವನು ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ, ಜನರ ನಡುವಿನಿಂದ ಬರುತ್ತಾನೆ. ದೊಂದಿ, ರಾಳದ ಬೆಂಕಿ, ಚೆಂಡೆಯ ಅಬ್ಬರ. ಮಕ್ಕಳು ಅಮ್ಮನ ಸೆರಗಿನೊಳಗೆ ಹೋಗುತ್ತಾರೆ, ದೊಡ್ಡವರು ಎದ್ದು ನಿಲ್ಲುತ್ತಾರೆ. ನಾನು ಜೂಮ್ ಮಾಡಿ ಒತ್ತುತ್ತಲೇ ಇದ್ದೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು, ಅದೇ ಮೋಸ. ಮರುದಿನ ಕಂಪ್ಯೂಟರಿನಲ್ಲಿ ಹಾಕಿದಾಗ ಹಿಂದಿನ ತೆಂಗಿನ ಗರಿ ಸ್ಪಷ್ಟ, ಚಪ್ಪರದ ಹಗ್ಗದ ಗಂಟು ಸ್ಪಷ್ಟ, ನಿಂತ ಜನ ಸ್ಪಷ್ಟ. ನಡುವೆ ಕೆಂಪು ಕಪ್ಪು ಬಣ್ಣ ಒರೆಸಿದ ಹಾಗೆ ಏನೋ ಒಂದು. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. "ಇದೆಂತ ಮಾರಾಯಾ, ಇವನಿಗೆ ಮುಖವೇ ಇಲ್ಲವಲ್ಲ?"

ಕೈನಡುಕ ತಡೆಯುವ ವ್ಯವಸ್ಥೆ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಹಗ್ಗದ ಗಂಟು ಸ್ಪಷ್ಟ ಬಂದದ್ದೇ ಅದಕ್ಕೆ ಸಾಕ್ಷಿ. ವಿಆರ್ ನಿಲ್ಲಿಸುವುದು ನಿಮ್ಮ ಕೈಯ ಅಲುಗಾಟವನ್ನು ಮಾತ್ರ. ಎದುರಿಗಿನ ಮನುಷ್ಯ ಅಲುಗಾಡಿದರೆ ಅದಕ್ಕೆ ಮಾಡಲು ಏನೂ ಇಲ್ಲ. ವೇಷಧಾರಿ ಗಿರ್ರನೆ ಸುತ್ತಿ ಧೀಂಗಿಣ ಹಾಕುವಾಗ 1/200 ಸೆಕೆಂಡ್ ಶಟರ್ ವೇಗ ಕೂಡ ಸಾಲದು. ಅಂಥ ಬೆಳಕಿನಲ್ಲಿ ಎಫ್/2.8 ಲೆನ್ಸ್‌ಗೆ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 3200ರಲ್ಲಿ 1/200 ಸಿಗುತ್ತದೆ ಅಂತಿಟ್ಟುಕೊಳ್ಳಿ. ಎಫ್/6.3ರಲ್ಲಿ ಒಳಗೆ ಬರುವ ಬೆಳಕು ಅದರ ಐದನೇ ಒಂದು ಪಾಲು. ಅದೇ ಐಎಸ್‌ಒ ಇಟ್ಟರೆ ಶಟರ್ 1/40ಕ್ಕೆ ಇಳಿಯುತ್ತದೆ. 1/200 ಉಳಿಸಿಕೊಳ್ಳುತ್ತೇನೆ ಅಂದರೆ ಐಎಸ್‌ಒ 16000 ಬೇಕು, ಡಿ5300ರ ಸಾಮಾನ್ಯ ಮಿತಿಯೇ 12800. ನಾನು 1/40ರಲ್ಲಿ ತೆಗೆದಿದ್ದೆ. ನಿಂತ ಕಂಬಕ್ಕೆ 1/40 ಧಾರಾಳ, ಕುಣಿಯುವ ಮಹಿಷಾಸುರನಿಗೆ ಅಲ್ಲ. ವಿಆರ್‌ನ ಸ್ಟಾಪ್, ಅಪರ್ಚರ್‌ನ (ಎಫ್ ಅಂಕಿಯ) ಸ್ಟಾಪ್ ಎರಡನ್ನೂ ಒಂದೇ ಖಾತೆಗೆ ಹಾಕಿ ಕೂಡಿದ್ದೆ. ಅವು ಬೇರೆ ಬೇರೆ ಖಾತೆ. ಇದನ್ನು ಇಷ್ಟು ಉದ್ದ ಯಾಕೆ ಹೇಳುತ್ತಿದ್ದೇನೆ ಅಂದರೆ ಅಂಗಡಿಯಲ್ಲಿ ಇವತ್ತಿಗೂ "ಸರ್, ವಿಆರ್ ಇದೆ, ಕತ್ತಲಲ್ಲೂ ಬರುತ್ತದೆ" ಅಂತಲೇ ಹೇಳುತ್ತಾರೆ. ಕಂಬದ ಫೋಟೋ ಬರುತ್ತದೆ, ನಿಜ.

ಇನ್ನೊಂದು, ಪೆಟ್ಟಿಗೆಯ ಮೇಲಿನ ಎಫ್/3.5 ಎಂಬುದು 18ರಲ್ಲಿ ಮಾತ್ರ. ಜೂಮ್ ಮಾಡಿದಂತೆ ಅದು ಸದ್ದಿಲ್ಲದೆ 5.6, 6.3ಕ್ಕೆ ಹೋಗುತ್ತದೆ. ಕಂಪನಿಯವರ ದುರಾಸೆ ಅಲ್ಲ ಇದು, ಗಾಜಿನ ಲೆಕ್ಕ. 300 ಎಂಎಂನಲ್ಲಿ ಎಫ್/2.8 ಬೇಕಾದರೆ 300 ಭಾಗಿಸು 2.8, ಅಂದರೆ 107 ಎಂಎಂ ಅಗಲದ ಬೆಳಕಿನ ದಾರಿ ಬೇಕು. ಅಂಥ ಲೆನ್ಸ್ ಇವೆ. ಸುಮಾರು 3 ಕೆಜಿ ಭಾರ, ಲಕ್ಷಗಳಲ್ಲಿ ಬೆಲೆ, ಮೇಲೆ ಹೆಚ್ಚಿನವುಗಳಲ್ಲಿ ಜೂಮ್ ಕೂಡ ಇಲ್ಲ. ಕುತ್ತಿಗೆಗೆ ನೇತು ಹಾಕಿಕೊಳ್ಳುವ 18-300ರಲ್ಲಿ ಅದನ್ನು ನಿರೀಕ್ಷಿಸಬಾರದು.

ಫ್ಲ್ಯಾಶ್ ಹಾಕಬಹುದಿತ್ತಲ್ಲ ಅಂತ ಕೇಳಬೇಡಿ. ಆಟದಲ್ಲಿ ವೇಷದ ಕಣ್ಣಿಗೆ ಫ್ಲ್ಯಾಶ್ ಹೊಡೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ, ರಾಳದ ಬೆಂಕಿಯ ಬಣ್ಣವೂ ಅದರಲ್ಲಿ ಸತ್ತುಹೋಗುತ್ತದೆ. ಕ್ಯಾಮೆರಾದ ತಲೆಯ ಮೇಲಿನ ಸಣ್ಣ ಫ್ಲ್ಯಾಶ್ ಹಿಂದಿನ ಸಾಲಿನಿಂದ ಅಲ್ಲಿಗೆ ಮುಟ್ಟುವುದೂ ಇಲ್ಲ. ಹತ್ತಿರದಿಂದ ಅಗಲವಾಗಿ ತೆಗೆದರೆ ಆ ದಪ್ಪ ಲೆನ್ಸ್‌ನ ನೆರಳು ಫೋಟೋದ ಕೆಳಗೆ ಅರ್ಧ ಚಂದ್ರದ ಹಾಗೆ ಬೀಳುತ್ತದೆ.

ಹಾಗಂತ ಈ ಲೆನ್ಸ್‌ಗಳು ಕಸ ಅಲ್ಲ. ಮೈಸೂರು ದಸರೆಯಲ್ಲಿ ಮಧ್ಯಾಹ್ನದ ಜಂಬೂ ಸವಾರಿಗೆ ನಿಂತಿದ್ದೀರಿ, ಜನ ಒತ್ತುತ್ತಿದ್ದಾರೆ, ಆನೆ ದೂರದಿಂದ ಬಂದು ಎದುರಿಗೇ ಹಾದು ಹೋಗುತ್ತದೆ. ಅಲ್ಲಿ 18-200ಕ್ಕಿಂತ ಒಳ್ಳೆಯದು ಇಲ್ಲ, ಲೆನ್ಸ್ ಬದಲಿಸಲು ಮೊಣಕೈ ಮಡಚುವಷ್ಟೂ ಜಾಗ ಇರುವುದಿಲ್ಲ. ಅದೇ ದಿನ ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಇರುತ್ತದಲ್ಲ, ಅಲ್ಲಿ ಅದೇ ಲೆನ್ಸ್ ಪರದಾಡುತ್ತದೆ. ಹಂಪಿ, ಬಾದಾಮಿ, ಬಿಸಿಲು, ಧೂಳು, ಹಗಲು ಟೂರ್ ಮಾತ್ರ ನಿಮ್ಮ ಕೆಲಸ ಆಗಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಲೇ ಇರಲಿಲ್ಲ, 18-140 ತೆಗೆದುಕೊಳ್ಳಿ ಅಂತ ಒಂದು ಸಾಲು ಹಾಕಿ ಮಲಗುತ್ತಿದ್ದೆ. ಆದರೆ ನೀವು ಬರೆದ ಪಟ್ಟಿ ಇನ್ನೊಮ್ಮೆ ನೋಡಿ. ಮದುವೆ ಹಾಲ್ ಒಳಗೆ. ಜಾತ್ರೆ ರಾತ್ರಿ. ಯಕ್ಷಗಾನ ರಾತ್ರಿ. ಹಕ್ಕಿ ಅಡಿಕೆ ತೋಟದ ನೆರಳಲ್ಲಿ. ನಿಮಗೆ ಕಡಿಮೆ ಬಿದ್ದಿರುವುದು ಬೆಳಕು, ನೀವು ಕೊಳ್ಳಲು ಹೊರಟಿರುವುದು ಎಂಎಂ.

ಆದ್ದರಿಂದ ನನ್ನ ಮಾತು ಕೇಳುವುದಿದ್ದರೆ 18-55 ಮಾರಬೇಡಿ. ಮಾರಿದರೆ ಏನೂ ಸಿಗುವುದಿಲ್ಲ, ಹಗಲಿಗೆ ಅದು ಚೆನ್ನಾಗಿಯೇ ಇದೆ. ಅದರ ಜೊತೆ ಎಎಫ್-ಎಸ್ 35 ಎಂಎಂ ಎಫ್/1.8ಜಿ ಡಿಎಕ್ಸ್ ತೆಗೆದುಕೊಳ್ಳಿ. 200 ಗ್ರಾಂ, ಅಂಗಿಯ ಜೇಬಿಗೂ ಹೋಗುತ್ತದೆ. ಆಟಕ್ಕೆ ಹೋದರೆ ಮುಂದಿನ ಚಾಪೆಯಲ್ಲಿ ಕೂರಿ. 6 ಮೀಟರ್ ದೂರದಿಂದ 35ರಲ್ಲಿ ಅಡ್ಡಕ್ಕೆ ಸುಮಾರು 4 ಮೀಟರ್ ಹಿಡಿಸುತ್ತದೆ, ಅಂದರೆ ಹೆಚ್ಚುಕಡಿಮೆ ಇಡೀ ರಂಗಸ್ಥಳ. ಇಲ್ಲ, ಜೂಮ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರಾದರೆ ಸಿಗ್ಮಾ ಅಥವಾ ಟ್ಯಾಮ್ರಾನ್‌ನ 17-50 ಎಫ್/2.8 ನೋಡಿ. ಜೂಮ್ ಮಾಡಿದರೂ 2.8 ಹಾಗೇ ನಿಲ್ಲುತ್ತದೆ. 50ರಲ್ಲಿ ಅದೇ 6 ಮೀಟರ್‌ನಿಂದ ಸುಮಾರು 2.8 ಮೀಟರ್ ಅಗಲ ಬರುತ್ತದೆ, ಇಬ್ಬರು ವೇಷಧಾರಿಗಳಿಗೆ ಸಾಕು. ನಾನು ಈಗ ಇಟ್ಟುಕೊಂಡಿರುವುದು ಇಂಥದ್ದೇ ಒಂದು, 18-300 ಮಾರಿ ಬಂದ ದುಡ್ಡಿನಲ್ಲಿ. ಕೊಂಡ ಬೆಲೆಯ ಅರ್ಧವೂ ಬರಲಿಲ್ಲ ಬಿಡಿ. ಅದಕ್ಕೆ ಮೊದಲು ಮಾರಿದ್ದ 35 ಎಂಎಂ ಅನ್ನೂ ಮತ್ತೆ ಕೊಂಡೆ, ಮನೆಯಲ್ಲಿ ಇದನ್ನು ಹೇಳಿಲ್ಲ.

ಹಕ್ಕಿಯ ಆಸೆ ಸದ್ಯಕ್ಕೆ ಬಿಡಿ. 300 ಎಂಎಂ ಹಕ್ಕಿಗೆ ಏನೂ ಅಲ್ಲ, ಮಿಂಚುಳ್ಳಿ ಒಂದು ಚುಕ್ಕೆಯಷ್ಟು ಕಾಣುತ್ತದೆ. ತಡೆಯಲು ಆಗದಿದ್ದರೆ ಬೇರೆಯೇ ಒಂದು 70-300 ತೆಗೆದುಕೊಳ್ಳಿ, ಅದೇ ದುಡ್ಡಿಗೆ 18-300ಕ್ಕಿಂತ ಚೊಕ್ಕ ಚಿತ್ರ ಕೊಡುತ್ತದೆ.

ಬದಲಿಸುವ ರಗಳೆಯ ಬಗ್ಗೆ ಜನ ಸುಮ್ನೆ ಹೆದರಿಸುತ್ತಾರೆ. ಕ್ಯಾಮೆರಾ ಆಫ್ ಮಾಡಿ, ಲೆನ್ಸ್ ಕೂರುವ ಬಾಯಿ ಕೆಳಗೆ ಹಿಡಿಯಿರಿ, ಗಾಳಿಗೆ ಬೆನ್ನು ಹಾಕಿ ಬದಲಿಸಿ. ಅಷ್ಟೇ. ಧೂಳು ಕೂತರೆ ಬ್ಲೋಯರ್‌ನಿಂದ ಊದಿದರೆ ಹೋಗುತ್ತದೆ. ಬಾಯಿಯಿಂದ ಮಾತ್ರ ಊದಬೇಡಿ, ಎಂಜಲು ಹಾರುತ್ತದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ, ಅದರಲ್ಲೂ ಕರಾವಳಿ ಅಥವಾ ಮಲೆನಾಡಿನವರಿಂದ, ಫಂಗಸ್ ನೋಡದೆ ದುಡ್ಡು ಕೊಡಬೇಡಿ. ಲೆನ್ಸ್‌ನ ಒಂದು ಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅರ್ಧ ಬೆಲೆಗೂ ಬೇಡ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಮನೆಗೆ ತಂದ ಮೇಲೆ ಮಳೆಗಾಲದಲ್ಲಿ ಬ್ಯಾಗಿನಲ್ಲಿ ಇಡಬೇಡಿ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ಸಾಕು.

ನೀವು ಕ್ಯಾಮೆರಾ ಬಾಡಿ ಯಾವ ಮಾಡೆಲ್ ಅಂತ ಬರೆದಿಲ್ಲ, ನಿಕಾನ್ ಅಂತ ಮಾತ್ರ ಇದೆ. ಡಿ3000, ಡಿ5000 ಸಾಲಿನ ಕ್ಯಾಮೆರಾ ಆಗಿದ್ದರೆ ಬಾಡಿಯೊಳಗೆ ಫೋಕಸ್ ಮೋಟರ್ ಇರುವುದಿಲ್ಲ. ಕಡಿಮೆಗೆ ಸಿಗುತ್ತದೆ ಅಂತ ಹಳೆಯ 50 ಎಂಎಂ ಎಫ್/1.8ಡಿ ತಂದರೆ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ, ನಿಕಾನ್ ಲೆನ್ಸ್ ಆದರೆ ಎಎಫ್-ಎಸ್ (ಲೆನ್ಸ್ ಒಳಗೇ ಮೋಟರ್) ಅಂತ ಬರೆದಿರುವುದೇ ಬೇಕು. 70-300ರಲ್ಲಿ ಎಎಫ್-ಪಿ (ಹೊಸ ಬಗೆಯ ಮೋಟರ್) ಅಂತ ಇದ್ದರೆ ಇನ್ನೂ ಹುಷಾರು. ಡಿ3300, ಡಿ5300ರಲ್ಲಿ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿರಬೇಕು. ಡಿ3200, ಡಿ5100, ಡಿ7000ರಲ್ಲಿ ಅದು ಫೋಕಸ್ ಮಾಡುವುದೇ ಇಲ್ಲ. ಮಾಡೆಲ್ ನಂಬರ್ ಕ್ಯಾಮೆರಾದ ಮುಂಭಾಗದಲ್ಲೇ ಇರುತ್ತದೆ, ನೋಡಿ ಕೆಳಗೆ ಬರೆಯಿರಿ. ಅದಕ್ಕೆ ಮೊದಲು ಯಾರಿಗೂ ಅಡ್ವಾನ್ಸ್ ಕೊಡಬೇಡಿ.